ಜೇಬಿನ ಬಾಯಿ

ಆ ಬೆಳಿಗ್ಗೆ ದರ್ಜಿಗೆ ಸೂಜಿಯ ಕಣ್ಣು ಸಿಕ್ಕಲೇ ಇಲ್ಲ. ಕಣ್ಣು ಮಂಜಾಗಿತ್ತೆಂದಲ್ಲ, ಕನ್ನಡಕ ಹೊಸದೇ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆಮಾಡಿ, ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದರೆ ದಾರ ಒಂದು ಕಡೆಗೂ ಸೂಜಿ ಇನ್ನೊಂದು ಕಡೆಗೂ, ಜಗಳವಾಡಿದ ಗಂಡಹೆಂಡಿರ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದವು. ಮನಸ್ಸು ಕದಡಿದ ದಿನ ಕತ್ತರಿ ಮುಟ್ಟಬೇಡ ಎಂದು ಅಣ್ಣ ಹೇಳುತ್ತಿದ್ದ. ಕದಡುವಂಥದ್ದು ಏನಾಗಿದೆ ಎಂದು ತನ್ನನ್ನೇ ಕೇಳಿಕೊಂಡ. ಏನೂ ಆಗಿಲ್ಲ. ಮಕ್ಕಳಿರುವ ಮನೆಯಲ್ಲಿ ಇದ್ದದ್ದೇ. ನಿನ್ನೆ ಸಂಜೆ ಅಣ್ಣ ಬಂದಿದ್ದ. ಬಂದವನು ಅಂಗಡಿಯ ಹೊಲಿಗೆ ಯಂತ್ರದ ಪಕ್ಕದ ತನ್ನ ಹಳೆಯ ಕುರ್ಚಿಯಲ್ಲಿ ಕೂತು, ಅತ್ತಿಗೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡದ್ದನ್ನು, ಮನೆಯಲ್ಲಿ ಒಂದು ಲೋಟ ನೀರು ಕೊಡುವವರಿಲ್ಲದ್ದನ್ನು ಹೇಳಿ, ಹೇಗೂ ರಜೆ ಶುರುವಾಗುತ್ತದಲ್ಲ, ನಿನ್ನ ಮಗಳನ್ನು ಕಳಿಸು, ರಜೆ ಮುಗಿಯುವ ತನಕ ಇದ್ದು ಬರಲಿ ಅಂದಿದ್ದ. "ಅದನ್ನೂ ಕೇಳ್ಬೇಕೇನಣ್ಣ" ಅಂದಿದ್ದ ದರ್ಜಿ. ಅಂಗಡಿಗೂ ಮನೆಗೂ ನಡುವಿನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಮಗಳು, ಯಾರೂ ಕೇಳದಿದ್ದರೂ, "ನಾನು ಬರಲ್ಲ ದೊಡ್ಡಪ್ಪ" ಅಂದಳು. ಮೆಲ್ಲಗಲ್ಲ, ಅಳುತ್ತಲೂ ಅಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳಿದ ಹಾಗೆ.

ಅಂಗಡಿಯಲ್ಲಿ ಗಿರಾಕಿಯೊಬ್ಬರು ಕೂತಿದ್ದರು. ಅದೇ ಎಡವಟ್ಟಾದದ್ದು. ಗಿರಾಕಿಯ ಹುಬ್ಬು ಮೇಲೇರಿದ್ದನ್ನು ಕಂಡು ದರ್ಜಿಗೆ ಮೈಯೆಲ್ಲ ಸೂಜಿ ಚುಚ್ಚಿದಂತಾಗಿ, "ಏನೇ ಅದು, ಹಿರಿಯರಿಗೆ ಎದುರುತ್ತರ? ತಪ್ಪಾಯ್ತು ಅನ್ನು. ಅನ್ನೇ!" ಎಂದು ಗದರಿದ. ಅವಳು ನೆಲ ನೋಡುತ್ತ ನಿಂತಳು. ಅಣ್ಣ ದೊಡ್ಡ ಮನಸ್ಸು ಮಾಡಿ ನಕ್ಕು, "ಬಿಡೋ ತಮ್ಮ, ಈಗಿನ ಕಾಲದ ಮಕ್ಕಳು, ಬಾಯಿ ಒಂದು ಮೊಳ ಉದ್ದ" ಎನ್ನುತ್ತ ಎದ್ದುಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಕೆಳಗೆ ಅವಳ ರವಿಕೆಯ ತೋಳಿನ ಹೊಲಿಗೆ ಮುದುಡಿ ಸುಕ್ಕಾಯಿತು. ದರ್ಜಿಗೆ ಕಂಡದ್ದು ಆ ಸುಕ್ಕು. ತೋಳಿನ ಬಟ್ಟೆ ಅರ್ಧ ಬೆರಳು ಹೆಚ್ಚು ಬಿಡಬೇಕಿತ್ತು ಅಂದುಕೊಂಡ. ಅವಳು "ತಪ್ಪಾಯ್ತು" ಅಂದಳು. ಗಿರಾಕಿ ಮೆಚ್ಚಿ ತಲೆಯಾಡಿಸಿದರು. ಮನೆಯ ಮಾನ ಉಳಿಯಿತು. ಹಾಗಿದ್ದರೆ ಈ ಬೆಳಿಗ್ಗೆ ಸೂಜಿಯ ಕಣ್ಣು ಯಾಕೆ ಸಿಕ್ಕುವುದಿಲ್ಲ? ಒಳಗೆ ಹೆಂಡತಿ ಮಗಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಸಂಜೆಗೆ ಅಣ್ಣ ಸ್ಕೂಟರ್ ತರುತ್ತಾನೆ. ದಾರವನ್ನು ಹಾಗೇ ಬಿಟ್ಟು, ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಭಗವಂತಾ ಎಂದು ದರ್ಜಿ ಎದ್ದ. ಶಾಲೆಯಲ್ಲಿ ಮಕ್ಕಳ ಹೊಸ ಸಮವಸ್ತ್ರಕ್ಕೆ ಅಳತೆ ತೆಗೆಯುವ ದಿನ ಅದು.

ಅಳತೆಗೆಂದು ಕೊಡುವುದು ಪ್ರತಿ ವರ್ಷವೂ ಆಟದ ಸಾಮಾನಿನ ಕೋಣೆ. ಹರಿದ ಚೆಂಡುಗಳ, ಸುತ್ತಿಟ್ಟ ಬಲೆಗಳ, ಬೆವರಿನ ವಾಸನೆ. ಪಕ್ಕದ ತರಗತಿಗೂ ಇದಕ್ಕೂ ನಡುವೆ ತೆಳ್ಳನೆಯ ಹಲಗೆಯ ಗೋಡೆ, ಆ ಕಡೆ ಕೆಮ್ಮಿದರೆ ಈ ಕಡೆ ಗಂಟಲು ಕೆರೆಯಬೇಕು. ಶಾಲೆಯ ಆಯಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ದರ್ಜಿ ಹೇಳಿದ ಅಳತೆಗಳನ್ನು ಬರೆದುಕೊಳ್ಳುವವಳೂ ಅವಳೇ. "ಮಾಸ್ಟ್ರೇ, ಈ ವರ್ಷ ಹೊಸ ಕಾನೂನು ಬಂದಿದೆ" ಅಂದಳು. "ಮಗೂನ ಕೇಳಿ ಮುಟ್ಬೇಕಂತೆ. ಎದೆ ಅಳತೆಗೆ ಪಟ್ಟಿ ಮಕ್ಕಳೇ ಹಿಡ್ಕೋತಾರೆ, ನೀವು ಅಂಕಿ ಓದಿದ್ರೆ ಸಾಕು. ಹೊಸ ಟೀಚರಮ್ಮ ಹೇಳಿದ್ದಾರೆ. ಅವ್ರದ್ದು ಏನೋ ಪಾಠ, ಬೇಡ ಅನ್ನೋ ಪಾಠ. ನನ್ನ ಗಂಡನಿಗೆ ಸಾರು ಬಡಿಸೋಕೆ ಹೋದ್ರೂ ಬೇಡ ಅಂತಾನೆ, ಅವನಿಗ್ಯಾರು ಪಾಠ ಮಾಡಿದ್ರೋ ಕಾಣೆ." ದರ್ಜಿ ನಗಲಿಲ್ಲ. ಇಷ್ಟು ವರ್ಷದಿಂದ ಈ ಊರಿನ ಮಕ್ಕಳ ಮೈಗೆ ಪಟ್ಟಿ ಹಿಡಿದ ಕೈ ಇದು. ಅಪ್ಪಂದಿರ ಅಳತೆ ತೆಗೆದು ಈಗ ಮಕ್ಕಳ ಅಳತೆಗೆ ಬಂದಿದೆ. ಕೆಲಸಕ್ಕೆ ಸೇರಿದ ಮೊದಲ ದಿನ ಅಣ್ಣ ಮರದ ಅಳತೆಗೋಲಿನಿಂದ ಬೆರಳ ಗೆಣ್ಣಿಗೆ ಒಂದು ಕೊಟ್ಟು ಕಲಿಸಿದ್ದ: "ಬಟ್ಟೆ ನೋಡು, ಮೈ ನೋಡ್ಬೇಡ. ಮೈ ನೋಡೋನು ದರ್ಜಿ ಅಲ್ಲ." ಅದನ್ನು ಅವನು ಗುರುಮಂತ್ರದ ಹಾಗೆ ಕಾಪಾಡಿಕೊಂಡು ಬಂದಿದ್ದ. ಪಟ್ಟಿಯ ಅಂಕಿ ಕಾಣುತ್ತಿತ್ತು, ಹೆಗಲ ಓರೆ ಕಾಣುತ್ತಿತ್ತು, ಆ ಹೆಗಲು ಯಾರದೆಂಬುದು ಕಾಣುತ್ತಿರಲಿಲ್ಲ. ಅದನ್ನೊಂದು ವ್ರತವೆಂದೇ ತಿಳಿದಿದ್ದ. ದೇವರ ಮುಂದೆ ನಿಂತಾಗ ಬೇರೇನಿಲ್ಲದಿದ್ದರೂ ಅದೊಂದನ್ನು ತೋರಿಸಬಹುದು ಎಂದು ಒಳಗೊಳಗೇ ಸಣ್ಣ ಹೆಮ್ಮೆ. ಈಗ ಯಾರೋ ನಿನ್ನೆ ಮೊನ್ನೆ ಬಂದ ಹುಡುಗಿ ಟೀಚರು ತನಗೆ ಮುಟ್ಟುವುದನ್ನು ಕಲಿಸಬೇಕೇ ಎಂದು ಪಟ್ಟಿಯನ್ನು ಕೊಡವಿ ಬಿಡಿಸಿದ.

ಮೊದಲ ಕೆಲವು ಮಕ್ಕಳನ್ನು ನೆನಪಿಟ್ಟು ಕೇಳಿದ. ಆಮೇಲೆ ಕೈಗೆ ಅದರ ಹಳೆಯ ಓಟ ಬಂತು. ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದಾಗ, ಕೇಳದೆಯೇ ಸೊಂಟಕ್ಕೆ ಪಟ್ಟಿ ಸುತ್ತಲು ಬಾಗಿದ. "ಬೇಡ" ಅಂದಳು ಅವಳು. ಅವನು ತಲೆಯೆತ್ತಿದ. ಹುಡುಗಿಯ ಗಲ್ಲ ನಡುಗುತ್ತಿತ್ತು, ಕಣ್ಣು ಮಾತ್ರ ಅವನ ಕಣ್ಣಲ್ಲೇ ನೆಟ್ಟಿತ್ತು. "ಕೇಳಿ ಮುಟ್ಬೇಕು ಅಂಕಲ್." ಸಾಲಿನಲ್ಲಿ ಕಿಸಕ್ಕೆಂದ ಸದ್ದು. ಆಯಾ, "ಅಯ್ಯೋ ಪುಣ್ಯಾತ್ಗಿತ್ತಿ, ಅವರು ನಿಮ್ಮಪ್ಪನ ಚಡ್ಡಿ ಹೊಲಿದವರೇ" ಅಂದಳು. ದರ್ಜಿಯ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಕಳ್ಳನಲ್ಲದವನನ್ನು ಸಂತೆಯ ನಡುವೆ ತಡೆದು ಜೇಬು ತಡಕಿದಂತೆ. ನಾನು ಅಂಥವನಲ್ಲ ಎಂದು ಹೇಳಬೇಕೆನಿಸಿತು, ಯಾರಿಗೆ ಹೇಳುವುದು? ಹೇಳಿದರೆ ಅಂಥವರು ಇದ್ದಾರೆಂದು ಒಪ್ಪಿದಂತಾಗುತ್ತದೆ. ಪಟ್ಟಿಯ ತುದಿಯನ್ನು ಅವಳ ಕಡೆ ಚಾಚಿ, "ಹಿಡ್ಕೋ ತಾಯಿ" ಎಂದ. ಅವಳು ಹಿಡಿದುಕೊಂಡಳು. ಅಷ್ಟೇ. ಅಂಕಿ ಬಂತು. ಅವಳು ಹೋಗುವಾಗ ಅವಳ ಬೆನ್ನು ನೆಟ್ಟಗಿತ್ತು. ಸಾಲಿಗೆ ಬರುವಾಗ ಗೂನಿತ್ತಲ್ಲ ಎಂದು ಅವನಿಗೆ ಆಮೇಲೆ ಹೊಳೆಯಿತು, ಹೆಗಲ ಅಳತೆ ಮತ್ತೊಮ್ಮೆ ತೆಗೆಯಬೇಕೇನೋ.

ಹಲಗೆಯ ಆಚೆ ಪಾಠ ಶುರುವಾಗಿತ್ತು. ಮಗಳ ತರಗತಿ ಅದು. ಟೀಚರ ದನಿ ಎಳೆಯದು, ಅವಸರವಿಲ್ಲದ್ದು. ಎಲ್ಲರೂ ಎದ್ದು ನಿಲ್ಲಿ, ಕಾಲು ಊರಿ, ಹೊಟ್ಟೆಯಿಂದ ದನಿ ಬರಲಿ, ಬೇಡ ಅನ್ನಿ. ಮಕ್ಕಳು ಬೇಡ ಅಂದರು. "ಅದು ಬೇಡ ಅಲ್ಲ, ಸಕ್ಕರೆ ಬೇಕಾ ಅಂದಾಗ ನಾಚಿಕೊಂಡು ಅನ್ನೋ ಬೇಡ. ನಿಜವಾದ್ದು ಅನ್ನಿ." ಈ ಸಲ ಹಲಗೆ ಅದುರಿತು, ಸುತ್ತಿಟ್ಟ ಬಲೆಯಿಂದ ಧೂಳು ಉದುರಿತು. ಆಯಾ ಕಿವಿ ಮುಚ್ಚಿಕೊಂಡಳು. ಯಾಕೆ ಅಂತ ಕೇಳಿದರೆ, ಎಂದು ಯಾವುದೋ ಹುಡುಗ ಕೇಳಿದ. "ಕಾರಣ ಕೊಡಬೇಕಾಗಿಲ್ಲ. ಯಾಕೆ ಅಂತ ಕೇಳಿದ್ರೆ ಅದೇ ಮಾತು ಇನ್ನೊಂದು ಸಲ. ಮತ್ತೆ ಕೇಳಿದ್ರೆ ಮತ್ತೊಂದು ಸಲ. ಎದುರಿಗಿರೋರು ನಗಲಿ, ಬೈಯಲಿ, ಮುನಿಸಿಕೊಳ್ಳಲಿ, ನೀವು ಆ ಮಾತು ಬಿಟ್ಟು ಕದಲಬೇಡಿ." "ದೊಡ್ಡವರಾದ್ರೆ?" "ದೊಡ್ಡವರಾದ್ರೂ." "ನೆಂಟರಾದ್ರೆ?" "ನೆಂಟರಾದ್ರೂ." ದರ್ಜಿ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತ. ನೆಂಟರಾದರೂ! ಹೀಗೆ ಕಲಿಸಿದರೆ ನಾಳೆ ಮನೆಯಲ್ಲಿ ಅಪ್ಪ ಅಮ್ಮ ಅನ್ನುವವರಿಗೆ ಏನು ಉಳಿಯಿತು? ನಿನ್ನೆಯ ಎದುರುತ್ತರ ಎಲ್ಲಿಂದ ಬಂತೆಂದು ಈಗ ತಿಳಿಯಿತು ಎಂದು ಅವನಿಗೆ ಒಂದು ಬಗೆಯ ಸಮಾಧಾನವೂ ಆಯಿತು. ತಪ್ಪು ಮಗಳದಲ್ಲ, ಪಾಠದ್ದು. ಸಂಜೆ ಅಣ್ಣನಿಗೆ ಹೇಳಬಹುದು, ಶಾಲೆಯಲ್ಲಿ ಹೀಗೆ ಗಿಣಿಪಾಠ ಮಾಡಿಸುತ್ತಾರಣ್ಣ, ಅದಕ್ಕೇ ಅಂದಳು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

"ಈಗ ಯೋಚನೆ ಮಾಡಿ ಹೇಳಿ" ಅಂದರು ಟೀಚರು. "ಎಲ್ಲರಿಗೂ ಬಾಯಲ್ಲಿ ಬೇಡ ಅನ್ನೋಕೆ ಬರಲ್ಲ. ಹೆದರಿಕೆ ಇರುತ್ತೆ. ಅಂಥೋರು ಬೇರೆ ಹೇಗೆಲ್ಲ ಬೇಡ ಅಂತಾರೆ?" ಉತ್ತರಗಳು ಒಂದರ ಮೇಲೊಂದು ಬಿದ್ದವು. ಓಡಿಹೋಗ್ತಾರೆ. ಹೊಟ್ಟೆನೋವು ಅಂತಾರೆ. ಬಚ್ಚಲುಮನೆ ಚಿಲಕ ಹಾಕ್ಕೊಂಡು ಹೊರಗೇ ಬರಲ್ಲ. ನಿದ್ದೆ ಬಂದ ಹಾಗೆ ಮಾಡ್ತಾರೆ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಒಂದು ದನಿ, ಹಾಜರಿ ಹೇಳಿದ ಹಾಗೆ: "ಜೇಬು ಹೊಲಿಸಿಕೊಳ್ತಾರೆ."

ತರಗತಿ ಗೊಳ್ಳೆಂದು ನಕ್ಕಿತು. ಈಚೆ ಸಾಲಿನಲ್ಲಿದ್ದ ಮಕ್ಕಳೂ ನಕ್ಕರು. ಆಯಾ, "ಜೇಬು ಹೊಲಿಸ್ಕೊಂಡ್ರೆ ಚಿಲ್ಲರೆ ಎಲ್ಲಿ ಇಡೋದಂತೆ" ಅಂದಳು. ಆಚೆ ಟೀಚರು ನಗಲಿಲ್ಲ. ಅವರ ನಗದಿರುವಿಕೆ ಹಲಗೆಯನ್ನು ದಾಟಿ ಬಂದು ದರ್ಜಿಯ ಎದುರು ನಿಂತಿತು. ದನಿ ಮಗಳದು. ಯಾವಾಗ ಅದು? ಬಿಸಿಲು ಕಾಲು ಚಾಚಿ ಅಂಗಡಿಯೊಳಗೆ ಮಲಗಿದ್ದ ಮಧ್ಯಾಹ್ನ. ಮಗಳು ಶಾಲೆಯ ಲಂಗವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದು, "ಅಪ್ಪ, ಈ ಜೇಬಿನ ಬಾಯಿ ಹೊಲಿದು ಮುಚ್ಚಿಬಿಡು" ಅಂದಳು. "ಯಾಕೇ?" "ಸುಮ್ನೆ. ಕೈ ಹೋಗುತ್ತೆ." "ಜೇಬು ಇರೋದೇ ಕೈ ಹೋಗೋಕಲ್ವೇನೇ ಪೆದ್ದಿ!" ಎಂದು ಅವನು ನಕ್ಕಿದ್ದ, ಒಳಗಿನಿಂದ ಹೆಂಡತಿ ನಕ್ಕಿದ್ದಳು, ಹಳೆಯ ಕುರ್ಚಿಯಲ್ಲಿ ಕೂತಿದ್ದ ಅಣ್ಣ ಎಲ್ಲರಿಗಿಂತ ದೊಡ್ಡದಾಗಿ ನಕ್ಕಿದ್ದ. ನಕ್ಕವರ ನಡುವೆ ಅವಳೊಬ್ಬಳೇ ನಗದೆ ನಿಂತಿದ್ದಳು. ಅಣ್ಣ ಅವಳನ್ನು ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಕಾಲ. ದರ್ಜಿ ಲಂಗವನ್ನು ಕೈಗೆ ತೆಗೆದುಕೊಂಡು, ಅಷ್ಟು ಸಣ್ಣ ಕೆಲಸಕ್ಕೂ ಹೊಂದುವ ದಾರ ಹುಡುಕಿ, ಕಣ್ಣಿಗೆ ಕಾಣದ ಹಾಗೆ ಒತ್ತು ಹೊಲಿಗೆ ಹಾಕಿ ಬಾಯಿ ಮುಚ್ಚಿದ್ದ. ಹೊಲಿಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಣ್ಣನ ಕಡೆ ಎತ್ತಿ ಹಿಡಿದು ತೋರಿಸಿದ್ದ. "ಭಲೇ, ನನ್ನ ಶಿಷ್ಯ" ಅಂದಿದ್ದ ಅಣ್ಣ.

"ಮಾಸ್ಟ್ರೇ, ಎಷ್ಟು?" ಆಯಾ ಕೇಳುತ್ತಿದ್ದಳು. ಎದುರಿಗಿದ್ದ ಹುಡುಗನ ಉದ್ದಳತೆ ಅವನ ಕಣ್ಣೆದುರೇ ಪಟ್ಟಿಯ ಮೇಲೆ ಇತ್ತು, ಅಂಕಿಗಳೂ ಇದ್ದವು, ಓದಲು ಬರಲಿಲ್ಲ. ಮತ್ತೆ ತೆಗೆದ. ಮತ್ತೆ ಮರೆತ. "ಬಿಸಿಲಿಗೆ ತಲೆ ತಿರುಗ್ತಾ ಇದೆಯಾ, ನೀರು ತರ್ಲಾ?" ಬೇಡ ಅಂದ. ಎಷ್ಟು ಸುಲಭಕ್ಕೆ ಬಂತು ಆ ಮಾತು. ದೇವರೇ, ಅದು ಹಾಗಲ್ಲದಿರಲಿ, ಮಕ್ಕಳು ಏನೋ ಹೇಳುತ್ತಾರೆ, ಜೇಬಿನಲ್ಲಿ ಕೈ ಸಿಕ್ಕಿಕೊಳ್ಳುತ್ತಿತ್ತೇನೋ, ಜೇಬು ಆಳ ಕಡಿಮೆಯಾಗಿತ್ತೇನೋ, ತಪ್ಪು ನನ್ನ ಕತ್ತರಿಸುವಿಕೆಯದೇ ಇರಲಿ. ಹೀಗೆ ಬೇಡಿಕೊಳ್ಳುತ್ತಲೇ, ತಾನು ಬೇಡಿಕೊಳ್ಳುತ್ತಿರುವುದು ಮಗಳಿಗಾಗಿ ಅಲ್ಲ, ಅಣ್ಣನಿಗಾಗಿ ಎಂಬುದು ಅವನಿಗೆ ಕಂಡಿತು. ಸ್ಕೂಟರ್ ಬೇಡ ನಡೆದೇ ಹೋಗ್ತೀನಿ ಅಂದದ್ದು. ಸ್ಕೂಟರಿನಲ್ಲಿ ನಿಂತರೆ ಕಾಲು ನೋಯುತ್ತೆ ಅಂದದ್ದು. ದೊಡ್ಡಪ್ಪ ಬಂದಾಗಲೆಲ್ಲ ಓದುವುದಿದೆ ಎಂದು ಮಾಳಿಗೆ ಹತ್ತಿದ್ದು. ಎಲ್ಲವೂ ಕಿವಿಗೆ ಬಿದ್ದಿತ್ತು, ಕತ್ತರಿಸಿ ಉಳಿದ ಬಟ್ಟೆಯ ತುಂಡುಗಳಂತೆ ಮೇಜಿನ ಕೆಳಗೆ ಬಿದ್ದಿತ್ತು. ಜೋಡಿಸಿ ನೋಡುವ ಕೆಲಸವೊಂದನ್ನು ಮಾತ್ರ ಜನ್ಮವಿಡೀ ಜೋಡಿಸುವ ಕಸುಬಿನವನು ಮಾಡಿರಲಿಲ್ಲ. ಬಟ್ಟೆ ನೋಡು, ಮೈ ನೋಡಬೇಡ. ಕಲಿಸಿದವನು ಯಾರಿಗೆ, ಯಾತಕ್ಕೆ ಕಲಿಸಿದ?

ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಸುರಿದರು. ಮಗಳು ಗೆಳತಿಯರ ನಡುವೆ ಬರುತ್ತಿದ್ದವಳು ಬಾಗಿಲಲ್ಲಿ ಅಪ್ಪನನ್ನು ಕಂಡಳು, ಅವನ ಬೆನ್ನ ಹಿಂದಿನ ಹಲಗೆಯನ್ನು ಕಂಡಳು. ಮುಖ ಸುಣ್ಣವಾಯಿತು. ಏನಾದರೂ ಅನ್ನಬೇಕು, ಒಂದು ಮಾತು, ಅವಳ ಅಡ್ಡಹೆಸರು ಹಿಡಿದು ಗುಬ್ಬೀ ಎಂದರೂ ಸಾಕಿತ್ತು. ಅವನು ಪಟ್ಟಿಯನ್ನು ಸುತ್ತಲು ತೊಡಗಿದ. ತಲೆಯೆತ್ತುವಷ್ಟರಲ್ಲಿ ಅವಳಿರಲಿಲ್ಲ, ಎದುರಿಗೆ ಟೀಚರಿದ್ದರು. ನಿಜಕ್ಕೂ ಎಳೆಯವರು, ಕೈಗೆಲ್ಲ ಸೀಮೆಸುಣ್ಣ. "ನೀವು ಅವಳ ತಂದೆ ಅಲ್ವಾ? ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು." "ಅಳತೆ ಇದೆ ಮೇಡಂ" ಅಂದ ದರ್ಜಿ. "ಮುಗಿಸಿ ಬನ್ನಿ, ಕಾಯ್ತೀನಿ." "ಇಲ್ಲ ಮೇಡಂ, ಅಂಗಡಿ ತೆರೆದಿಟ್ಟು ಬಂದಿದ್ದೀನಿ." ಸುಳ್ಳು. ಟೀಚರು ಅವನನ್ನು ಬೈಯಲಿಲ್ಲ, ಕರುಣೆಯನ್ನೂ ತೋರಲಿಲ್ಲ. "ಅವಳು ಇವತ್ತು ಎಲ್ಲರೆದುರು ಒಂದು ಮಾತು ಹೇಳಿದ್ದಾಳೆ. ಹೇಳಿದ್ಮೇಲೆ ಏನೂ ಆಗದಿದ್ರೆ ಇನ್ನೊಂದು ಸಲ ಹೇಳಲ್ಲ" ಅಂದರು. ಅಷ್ಟು ಹೇಳಿ ದಾರಿ ಬಿಟ್ಟರು.

ಮನೆಯ ದಾರಿಯನ್ನು ಅವನು ಬಿಸಿಲಿನ ಕಡೆಯಿಂದಲೇ ನಡೆದ, ನೆರಳಿನ ಕಡೆ ಪರಿಚಯದವರ ಅಂಗಡಿಗಳಿದ್ದವು. ಅಪ್ಪ ಸತ್ತ ವರ್ಷ ಅಣ್ಣ ತನ್ನ ಓದು ಬಿಟ್ಟು ಯಂತ್ರ ತುಳಿದದ್ದು, ರಾತ್ರಿ ಊಟದಲ್ಲಿ ತನ್ನ ತಟ್ಟೆಯಿಂದ ಇವನ ತಟ್ಟೆಗೆ ದಾಟಿಸುತ್ತಿದ್ದದ್ದು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ವೈದ್ಯರ ಮನೆ ತಟ್ಟಿದ್ದು. ಆ ಕೈ, ಅದೇ ಕೈ. ಒಂದೇ ಕೈ ಎರಡು ಕೆಲಸ ಮಾಡಬಲ್ಲುದೇ? ಕತ್ತರಿಯನ್ನೇ ಕೇಳು ಎಂದಿತು ಮನಸ್ಸು. ಹಾಗಾದರೆ ತಟ್ಟೆಗೆ ಬಿದ್ದ ಅನ್ನ ಸುಳ್ಳೇ? ಸುಳ್ಳಲ್ಲ. ಸುಳ್ಳಾಗಿದ್ದರೆ ಸುಲಭವಿತ್ತು. ಬೇಲಿ ಹೊಲ ಮೇಯ್ದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆ ಬೇಲಿಯ ನೆರಳಲ್ಲೇ ಬೆಳೆದವನಿಗೆ ಅದನ್ನು ಕೀಳುವಾಗ ಕೈಗೆ ಎಷ್ಟು ಮುಳ್ಳು ನಾಟುತ್ತದೆಂದು ಯಾರೂ ಹೇಳುವುದಿಲ್ಲ. ಇನ್ನೊಂದು ಯೋಚನೆಯೂ ಬಂತು, ಅದು ಬಂದದ್ದಕ್ಕೆ ಅವನು ರಸ್ತೆಯಲ್ಲೇ ನಿಂತ. ಈ ಸಲ ಏನಾದರೂ ನೆಪ ಹೇಳಿ ತಪ್ಪಿಸೋಣ, ಜ್ವರ ಅನ್ನೋಣ, ಮುಂದಿನದು ಮುಂದೆ. ಎಷ್ಟು ಹದವಾದ ಯೋಚನೆ. ಹೊಲಿಗೆ ಕಾಣುವುದಿಲ್ಲ, ಬಾಯಿ ಮುಚ್ಚಿರುತ್ತದೆ.

ಹೆಂಡತಿ ಅಂಗಡಿಯಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಅವಳ ಪಕ್ಕದಲ್ಲಿ ಗೋಡೆಗೆ ಒರಗಿ, ಹೊಟ್ಟೆ ತುಂಬಿ, ಚೀಲ. ಅವನು ನಿಂತೇ ಹೇಳಿದ, ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ: ಪಾಠ, ಪ್ರಶ್ನೆ, ಜೇಬು. ಅವಳ ಕೈಯ ಸೂಜಿ ಬಟ್ಟೆಯಲ್ಲಿ ಅರ್ಧ ಹೊಕ್ಕು ನಿಂತಿತು. "ಸ್ಕೂಟರ್ ಮೇಲೆ ಹೋಗಲ್ಲ ಅಂದಾಗ ನಾನೇ ಬೈದಿದ್ದೆ ರೀ, ಸೋಂಬೇರಿ ಅಂತ" ಅಂದಳು. "ನಡೆದು ಹೋಗ್ತೀನಿ ಅಂದೋಳನ್ನ ಸೋಂಬೇರಿ ಅಂದೆ ನೋಡಿ." ಆಮೇಲೆ ಎದ್ದು ಬಾಗಿಲವರೆಗೆ ಹೋಗಿ ಬಂದಳು. "ಸಂಜೆ ಬರ್ತಾರೆ. ಏನ್ ಮಾಡ್ತೀರಿ?" "ಅಣ್ಣ ಕಣೇ" ಅಂದ ಅವನು. ಏನು ಹೇಳಲು ಹೊರಟನೋ ಅವನಿಗೇ ತಿಳಿಯದು. "ನಿಮಗೆ ಅಣ್ಣ" ಅಂದಳು ಅವಳು. "ನನಗೆ ಮಗಳು." ಚೀಲವನ್ನು ಎತ್ತಿ ಒಳಗೆ ಒಯ್ದು ಕೆಳಗೆ ಸುರಿದ ಸದ್ದು ಕೇಳಿಸಿತು. ಆಮೇಲೆ ಶಾಲೆಯಿಂದ ಮಗಳು ಬಂದದ್ದು, ತಾಯಿ ಅವಳನ್ನು ಒಳಗೆ ಕರೆದುಕೊಂಡದ್ದು, ಆಮೇಲೆ ಮಗಳು ಅತ್ತದ್ದು. ಇಷ್ಟು ದಿನ ಎಲ್ಲಿ ಇಟ್ಟಿದ್ದಳೋ, ತಳದಿಂದ ಬಂತು. ದರ್ಜಿ ಹೊರಗೆ ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದ ಯಂತ್ರವನ್ನು ತುಳಿಯುತ್ತಿದ್ದ.

ಸ್ಕೂಟರಿನ ಸದ್ದು ಬಂದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಅಣ್ಣ ತನ್ನ ಕುರ್ಚಿಯಲ್ಲಿ ಕೂತು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಎಲ್ಲೋ ನಮ್ಮ ಉದ್ದ ಬಾಯಿ? ರೆಡಿನಾ?" ಅಂದ. ದರ್ಜಿ ಯಂತ್ರ ತುಳಿಯುತ್ತಲೇ ಮಾತು ಹೊಂದಿಸಿಕೊಂಡಿದ್ದ, ಮರ್ಯಾದೆಯ ಅಂಚು ಕಟ್ಟಿದ ಮಾತುಗಳು. ಒಂದೂ ನೆನಪಾಗಲಿಲ್ಲ. ಕಾಲು ಊರಿ, ಹೊಟ್ಟೆಯಿಂದ ದನಿ ಬರಲಿ.

"ಅವಳು ಬರಲ್ಲ ಅಣ್ಣ."

"ಯಾಕೋ, ಮೈಯಲ್ಲಿ ಹುಷಾರಿಲ್ವಾ?" ನೆಪವನ್ನು ಅಣ್ಣನೇ ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದ, ಹಿಂದೆ ಅನ್ನ ದಾಟಿಸಿದ ಹಾಗೆ. ಹೂಂ ಅಂದರೆ ಮುಗಿಯಿತು.

"ಹುಷಾರಾಗಿದ್ದಾಳೆ. ಬರಲ್ಲ."

ಅಣ್ಣ ನಕ್ಕ. ನಕ್ಕವನು ನಿಲ್ಲಿಸಿದ. "ನಿನ್ನೆ ಹೂಂ ಅಂದೋನು ಇವತ್ತು ಏನೋ ಇದು? ಯಾರು ತಲೆ ಕೆಡಿಸಿದ್ರು? ನಿನ್ನ ಹೆಂಡ್ತಿನಾ?" ದರ್ಜಿ ಬೆಳಿಗ್ಗೆಯ ಆ ಎರಡು ಜಡೆಯ ಹುಡುಗಿಯ ಹಾಗೆ ಕಣ್ಣು ನೆಟ್ಟ. ಜೀವಮಾನದಲ್ಲಿ ಮೊದಲ ಸಲ ಅಣ್ಣನ ಅಂಗಿಯ ಕಾಲರನ್ನಲ್ಲ, ಮುಖವನ್ನು ನೋಡಿದ. ಮುಖದಲ್ಲಿ ಕೇಡಿನ ಗುರುತೇನೂ ಇರಲಿಲ್ಲ. ಅಪ್ಪನ ಮೂಗು, ತನ್ನದೇ ಹಣೆ. ಅದೇ ಹೆದರಿಕೆ ಹುಟ್ಟಿಸಿತು. "ಈ ಕತ್ತರಿ ಹಿಡಿಯೋಕೆ ಕಲಿಸಿದೋನು ನಾನು" ಅಂದ ಅಣ್ಣ, ದನಿ ಬದಲಾಗಿತ್ತು. "ಹೌದಣ್ಣ. ನೀನೇ. ಅವಳು ಬರಲ್ಲ. ನೀನೂ ಇನ್ನು ಇಲ್ಲಿಗೆ ಬರಬೇಡ." ಬಾಗಿಲ ಚೌಕಟ್ಟಿನಲ್ಲಿ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಅರ್ಧ ಕಾಣುವಂತೆ ಮಗಳು. ಅಣ್ಣ ಆ ಕಡೆ ನೋಡಿದ, ನೋಡಿದವನ ಕಣ್ಣು ಅಲ್ಲಿ ನಿಲ್ಲಲಾರದೆ ಯಂತ್ರದ ಚಕ್ರಕ್ಕೆ ಜಾರಿತು. ಹಾಗೆ ಜಾರಿದ್ದೇ ಸಾಕಾಯಿತು. ದರ್ಜಿಯ ಎದೆಯಲ್ಲಿ ಬೆಳಿಗ್ಗೆಯಿಂದ ಅಣ್ಣನ ಪರ ವಾದ ಹೂಡುತ್ತಿದ್ದ ವಕೀಲ ಕಡತ ಮಡಚಿ ಎದ್ದುಹೋದ. "ಯಾಕೆ ಅಂತಾದ್ರೂ ಹೇಳೋ" ಅಂದ ಅಣ್ಣ, ಈಗ ಮೆಲ್ಲಗೆ. "ಬರಬೇಡ" ಅಂದ ದರ್ಜಿ.

ಸ್ಕೂಟರು ಹೋದ ಮೇಲೂ ಹಳೆಯ ಕುರ್ಚಿಯ ಬೆತ್ತ ಕೂತವನ ಆಕಾರದಲ್ಲೇ ತಗ್ಗಾಗಿತ್ತು. ಹೆಂಡತಿ ಅದನ್ನು ಹಿತ್ತಲಿಗೆ ಎಳೆದು ಹಾಕಿದಳು. "ನಾಳೆ ರಜೆ ಆದ್ರೂ ಬೆಳಿಗ್ಗೆ ಆ ಟೀಚರಮ್ಮನ ಮನೆಗೇ ಹೋಗೋಣ, ಮುಂದೇನು ಮಾಡ್ಬೇಕು ಕೇಳೋಣ. ಇದು ಇಲ್ಲಿಗೇ ಮುಗಿಯೋ ಮಾತಲ್ಲ" ಅಂದಳು. ದರ್ಜಿ ತಲೆಯಾಡಿಸಿದ. ಒಳಗೆ ಹೋದರೆ ಮಗಳು, ನೆಲದ ಮೇಲೆ ಸುರಿದ ಬಟ್ಟೆಗಳ ನಡುವೆ ಕೂತು ಒಂದೊಂದನ್ನೇ ಮಡಚುತ್ತಿದ್ದಳು. ಅವನು ಸ್ವಲ್ಪ ದೂರದಲ್ಲಿ ಕೂತ. ನಿನ್ನೆ ನಿನ್ನ ಬಾಯಲ್ಲಿ ನಾನು ಹೇಳಿಸಿದ ಆ ಮಾತು ನಿಂದಲ್ಲ, ನಂದು ಎಂದು ಹೇಳಬೇಕಿತ್ತು. "ನಿನ್ನೆ ನಾನು..." ಎಂದು ಶುರುಮಾಡಿ ನಿಲ್ಲಿಸಿದ. "ತಪ್ಪಾಯ್ತು ಗುಬ್ಬಿ." ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಬಟ್ಟೆಗಳಲ್ಲಿ ಈಗ ಮನೆಯಲ್ಲಿ ಉಡುವ ಆ ಹಳೆಯ ಶಾಲೆಯ ಲಂಗವೂ ಇತ್ತು. ಅದರ ಜೇಬಿನ ಅಂಚಿನಲ್ಲಿ ಬೆರಳಾಡಿಸಿದರೂ ಹೊಲಿಗೆ ಎಲ್ಲಿದೆಯೆಂದು ಅವನಿಗೇ ಸಿಗಲಿಲ್ಲ, ಅಷ್ಟು ಅಚ್ಚುಕಟ್ಟು. ಆಮೇಲೆ ಸಿಕ್ಕಿತು. ಕಿಸೆಯಿಂದ ಸಣ್ಣ ಕತ್ತರಿ ತೆಗೆದು, ಅದರ ಮೊನೆಯನ್ನು ಮೊದಲ ಕಣ್ಣಿಯ ಬಳಿ ತಂದವನು ಥಟ್ಟನೆ ಕೈ ತಡೆದ.

"ಇದನ್ನ ಬಿಚ್ಚಲಾ?"

ಮಗಳು ಲಂಗವನ್ನು ನೋಡಿದಳು, ಅವನನ್ನು ನೋಡಿದಳು. ಯೋಚಿಸಿದಳು.

"ಈಗ ಬೇಡ ಅಪ್ಪ."

ದರ್ಜಿ ಕತ್ತರಿಯನ್ನು ಕೆಳಗಿಟ್ಟು, ಲಂಗವನ್ನು ಅವಳ ಕಡೆಗೆ ಸರಿಸಿದ.